ಮಂಡಿಯ ಮರುಶಸ್ತ್ರಚಿಕಿತ್ಸೆ: ದೋಷವನ್ನು ಬರೆದಿಟ್ಟವರ ಇತಿಹಾಸ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಅಂತರಂಗ ತಪಸ್ಸುಗಳ ಪೈಕಿ ಪ್ರಾಯಶ್ಚಿತ್ತಕ್ಕೆ ಮೊದಲ ಸ್ಥಾನವಿದೆ. ಆ ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ. ಲೋಕರೂಢಿಯಲ್ಲಿ ಈ ಶಬ್ದಕ್ಕೆ ಚಿಂತನೆ ಎಂಬ ಅರ್ಥವಿದ್ದರೂ ಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ತನ್ನಿಂದಾದ ದೋಷವನ್ನು ಗುರುಗಳ ಸಮ್ಮುಖದಲ್ಲಿ ಮರೆಮಾಚದೆ, ಹಗುರ ಮಾಡಿ ಹೇಳದೆ, ಇದ್ದದ್ದನ್ನು ಇದ್ದಂತೆ ನಿವೇದಿಸುವುದೇ ಆಲೋಚನೆ. ಪ್ರತಿಕ್ರಮಣ, ತಪಸ್ಸು, ಛೇದ ಮೊದಲಾದವೆಲ್ಲ ಅದರ ಅನಂತರ ಬರುತ್ತವೆ. ಹೇಳಿಕೊಳ್ಳದ ದೋಷಕ್ಕೆ ಪರಿಹಾರವನ್ನು ವಿಧಿಸಲು ಯಾರಿಂದಲೂ ಸಾಧ್ಯವಿಲ್ಲವೆಂಬುದೇ ಈ ಕ್ರಮದ ಮರ್ಮ.

ಈ ತತ್ತ್ವವು ಮುನಿಧರ್ಮಕ್ಕೆ ಮಾತ್ರ ಸೀಮಿತವಾದುದಲ್ಲ. ಲೌಕಿಕ ವಿದ್ಯೆಗಳಲ್ಲಿಯೂ ಅದರ ಸತ್ಯತೆಯನ್ನು ಕಾಣಬಹುದು. ಅದಕ್ಕೆ ಉತ್ತಮ ನಿದರ್ಶನವೆಂದರೆ ಕೃತಕ ಮಂಡಿಯ ಇತಿಹಾಸ. ಶ್ರವಣಬೆಳಗೊಳದ ಬೆಟ್ಟವನ್ನು ಹತ್ತಲಾರದೆ, ಸಾಮಾಯಿಕಕ್ಕೆ ನೆಲದ ಮೇಲೆ ಕುಳಿತುಕೊಳ್ಳಲಾರದೆ ನೋಯುವ ಹಿರಿಯರು ಇಂದು ಪ್ರತಿಯೊಂದು ಶ್ರಾವಕ ಕುಟುಂಬದಲ್ಲಿಯೂ ಇದ್ದಾರೆ. ಅವರಲ್ಲಿ ಅನೇಕರು ಮಂಡಿಯ ಕೀಲನ್ನು ಬದಲಾಯಿಸಿಕೊಂಡು ಸುಖವಾಗಿ ನಡೆದಾಡುತ್ತಿದ್ದಾರೆ. ಆದರೆ ಕೆಲವರಿಗೆ ಹಾಕಿದ ಕೀಲು ಸಡಿಲಗೊಳ್ಳುತ್ತದೆ, ಸವೆಯುತ್ತದೆ ಅಥವಾ ಸೋಂಕಿಗೆ ಒಳಗಾಗುತ್ತದೆ. ಆಗ ಎರಡನೆಯ ಶಸ್ತ್ರಚಿಕಿತ್ಸೆಯ ಪ್ರಶ್ನೆ ಏಳುತ್ತದೆ. ಅದರ ಫಲವೇನು, ಆ ಫಲವನ್ನು ಜಗತ್ತು ಹೇಗೆ ಅರಿತುಕೊಂಡಿತು ಎಂಬುದನ್ನು ಇಲ್ಲಿ ಅವಲೋಕಿಸಬಹುದು.

ದಂತದ ಕೀಲು

ಮಂಡಿಗೆ ಕೃತಕ ಕೀಲನ್ನು ಜೋಡಿಸಿದವರಲ್ಲಿ ಮೊದಲಿಗರು ಬರ್ಲಿನ್ ನಗರದ ಥೆಮಿಸ್ಟೋಕ್ಲಿಸ್ ಗ್ಲುಕ್. 1890ರಲ್ಲಿ ಅವರು ಕ್ಷಯರೋಗದಿಂದ ಕೆಟ್ಟುಹೋದ ಮಂಡಿಗೆ ಆನೆಯ ದಂತದಿಂದ ಮಾಡಿದ ತಿರುಗಣಿಯನ್ನು ಅಳವಡಿಸಿದರು. ಹದಿನೈದು ಕರ್ಮಾದಾನಗಳಲ್ಲಿ ದಂತವಾಣಿಜ್ಯವೂ ಒಂದೆಂದು ಬಲ್ಲ ಶ್ರಾವಕರಿಗೆ ಈ ಆರಂಭವೇ ಹಿಂಸಾಮೂಲವೆಂದು ತೋರುವುದು ಸಹಜ. ಫಲವೂ ಶುಭವಾಗಲಿಲ್ಲ. ಮೊದಲ ಕೆಲವು ವಾರಗಳಲ್ಲಿ ರೋಗಿಗಳು ಚೇತರಿಸಿಕೊಂಡಂತೆ ಕಂಡರು. ಆದರೆ ಕ್ಷಯದ ಸೋಂಕು ಒಳಗೇ ಉಳಿದಿದ್ದುದರಿಂದ ಕೀವು ತುಂಬಿ ಕೀಲುಗಳು ವಿಫಲವಾದವು. ಅದೇ ವರ್ಷ ಬರ್ಲಿನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಈ ವಿಷಯವನ್ನು ಮಂಡಿಸದಂತೆ ಅವರ ಮೇಲಧಿಕಾರಿಯಾಗಿದ್ದ ಎರ್ನ್‌ಸ್ಟ್ ಫಾನ್ ಬರ್ಗ್‌ಮನ್ ತಡೆದರು. ಸೋಂಕಿರುವ ಕೀಲಿನಲ್ಲಿ ಅನ್ಯವಸ್ತು ನಿಲ್ಲಲಾರದೆಂಬ ಪಾಠ ಅಂದೇ ಲಭ್ಯವಿತ್ತು. ಆದರೆ ಅದರ ಕುರಿತು ಬಹಿರಂಗ ಚರ್ಚೆ ನಡೆಯಲಿಲ್ಲ. ಅನಂತರ ಸುಮಾರು ಅರ್ಧ ಶತಮಾನದವರೆಗೆ ಈ ಮಾರ್ಗದಲ್ಲಿ ಗಣನೀಯ ಪ್ರಗತಿಯೂ ಆಗಲಿಲ್ಲ.

1950ರ ದಶಕದಲ್ಲಿ ವಾಲ್ಡಿಯಸ್, ಶಿಯರ್ಸ್ ಮೊದಲಾದ ವೈದ್ಯರು ಮತ್ತೆ ತಿರುಗಣಿಯ ಮಾದರಿಯನ್ನೇ ಹಿಡಿದು, ಪ್ಲಾಸ್ಟಿಕ್ ಮತ್ತು ಲೋಹಗಳಿಂದ ಮಂಡಿಯನ್ನು ರೂಪಿಸಿದರು. ಇಲ್ಲೊಂದು ಮೂಲಭೂತ ದೋಷವಿತ್ತು. ಮನುಷ್ಯನ ಮಂಡಿ ಬಾಗಿಲಿನ ತಿರುಗಣಿಯಂತೆ ಒಂದೇ ಅಕ್ಷದಲ್ಲಿ ತಿರುಗುವುದಿಲ್ಲ. ಅದು ಉರುಳುತ್ತದೆ, ಜಾರುತ್ತದೆ, ಕೊಂಚ ಹೊರಳುತ್ತದೆ. ತಿರುಗಣಿ ಆ ಹೊರಳುವಿಕೆಗೆ ಅವಕಾಶ ಕೊಡದೆ ಇದ್ದುದರಿಂದ ಪ್ರತಿ ಹೆಜ್ಜೆಯ ತಿರುಚುವ ಬಲವೆಲ್ಲ ಮೂಳೆಗೂ ಕೀಲಿಗೂ ಇರುವ ಬೆಸುಗೆಯ ಮೇಲೆ ಬೀಳುತ್ತಿತ್ತು. ಬೆಸುಗೆ ಸಡಿಲವಾಗುತ್ತಿತ್ತು, ಸೋಂಕು ಸೇರುತ್ತಿತ್ತು. ಅಂತಹ ಮಂಡಿಯನ್ನು ತೆಗೆದುಹಾಕಬೇಕಾಗಿ ಬಂದಾಗ ಉಳಿದ ಮೂಳೆ ಅತ್ಯಲ್ಪವಾಗಿರುತ್ತಿತ್ತು.

ತನ್ನ ತೊಡೆಯ ಮೇಲೆ ಪರೀಕ್ಷೆ

ಮಂಡಿಯ ಕಥೆ ಮುಂದುವರಿಯಬೇಕಾದರೆ ಸೊಂಟದ ಕೀಲಿನ ಕಥೆಯನ್ನು ಹೇಳಲೇಬೇಕು. ಏಕೆಂದರೆ ಇಂದಿನ ಮಂಡಿಯಲ್ಲಿರುವ ಲೋಹ, ಪ್ಲಾಸ್ಟಿಕ್ ಮತ್ತು ಸಿಮೆಂಟಿನ ಸಂಯೋಗವು ಅಲ್ಲಿಂದಲೇ ಬಂದಿದೆ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ 1950ರ ದಶಕದ ಕೊನೆಯಲ್ಲಿ ಸೊಂಟದ ಕೀಲಿಗೆ ಟೆಫ್ಲಾನ್ ಎಂಬ ನುಣುಪಾದ ಪ್ಲಾಸ್ಟಿಕ್ಕನ್ನು ಬಳಸಿದರು. ಸುಮಾರು 300 ರೋಗಿಗಳಿಗೆ ಅದನ್ನು ಅಳವಡಿಸಲಾಯಿತು. ಮೊದಲಿನ ಫಲ ಅದ್ಭುತವಾಗಿತ್ತು. ಎರಡು ಮೂರು ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿ ಸುತ್ತಲಿನ ಮಾಂಸದಲ್ಲಿ ಸೇರಿ, ಮೂಳೆಯನ್ನು ತಿನ್ನತೊಡಗಿತು.

ಈ ಸಂದರ್ಭದಲ್ಲಿ ಚಾರ್ನ್‌ಲಿ ನಡೆದುಕೊಂಡ ರೀತಿ ಸ್ಮರಣೀಯವಾದುದು. ಅವರು ಟೆಫ್ಲಾನಿನ ಪುಡಿಯನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ಅದರಿಂದಾಗುವ ವಿಕಾರವನ್ನು ಪರೀಕ್ಷಿಸಿದರು. ಆ ಫಲವನ್ನು 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿ, ಆ ವಸ್ತುವನ್ನು ಬಳಸಬಾರದೆಂದು ಇತರರಿಗೆ ತಿಳಿಯುವಂತೆ ಮಾಡಿದರು. ಕೆಟ್ಟ ಕೀಲುಗಳನ್ನು ತೆಗೆದು ಬದಲಾಯಿಸುವ ಕಷ್ಟದ ಕಾರ್ಯವನ್ನು ತಾವೇ ಕೈಗೊಂಡರು. ಅಷ್ಟರಲ್ಲಿ, 1962ರಲ್ಲಿ, ಲ್ಯಾಂಕಾಷೈರಿನ ಮಗ್ಗಗಳಿಗೆ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಮಾರುತ್ತಿದ್ದ ವ್ಯಾಪಾರಿಯೊಬ್ಬರು ತಂದ ಪಾಲಿಎಥಿಲೀನ್ ತುಂಡೊಂದು ಪ್ರಯೋಗಾಲಯದ ಹ್ಯಾರಿ ಕ್ರೇವನ್ ಅವರ ಕೈಗೆ ಬಂದಿತು. ಚಾರ್ನ್‌ಲಿ ಮೊದಲು ಅದನ್ನು ನಿರಾಕರಿಸಿದರೂ ಕ್ರೇವನ್ ಯಂತ್ರದಲ್ಲಿ ಹಾಕಿ ಪರೀಕ್ಷೆ ನಡೆಸಿದರು. ಅದು ಟೆಫ್ಲಾನಿಗಿಂತ ಎಷ್ಟೋ ಪಾಲು ಕಡಿಮೆ ಸವೆಯುತ್ತದೆಂದು ಕಂಡುಬಂತು. ಇಂದಿಗೂ ಕೃತಕ ಮಂಡಿಯ ನಡುವೆ ಇರುವ ಬಿಳಿಯ ಫಲಕ ಆ ಪಾಲಿಎಥಿಲೀನಿನ ಸಂತತಿಯೇ ಆಗಿದೆ.

ಚಾರ್ನ್‌ಲಿಯವರ ಬಳಿ ಕೆಲಸ ಮಾಡಿದ ಕೆನಡಾದ ಫ್ರಾಂಕ್ ಗನ್‌ಸ್ಟನ್ ಅದೇ ಲೋಹ, ಪಾಲಿಎಥಿಲೀನ್ ಮತ್ತು ಸಿಮೆಂಟನ್ನು ಮಂಡಿಗೆ ಅನ್ವಯಿಸಿ, ಮಂಡಿಯ ಸಹಜ ಚಲನೆಯನ್ನು ಅನುಸರಿಸುವ ಕೀಲನ್ನು ರೂಪಿಸಿ 1971ರಲ್ಲಿ ಪ್ರಕಟಿಸಿದರು. ಅವರು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಅನ್ಯರು ಅದನ್ನು ಸುಧಾರಿಸಲು ಮುಕ್ತ ಅವಕಾಶ ದೊರೆಯಿತು. ಅಪರಿಗ್ರಹಕ್ಕೆ ಇಂತಹ ಲೌಕಿಕ ದೃಷ್ಟಾಂತಗಳು ವಿರಳ. 1974ರ ವೇಳೆಗೆ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್, ಭಾರತ ಸಂಜಾತರಾದ ಚಿತ್ತರಂಜನ್ ರಾಣಾವತ್ ಹಾಗೂ ಎಂಜಿನಿಯರ್ ಪೀಟರ್ ವಾಕರ್ ಸೇರಿ 'ಟೋಟಲ್ ಕಾಂಡೈಲರ್' ಎಂಬ ಮಂಡಿಯನ್ನು ಬಳಕೆಗೆ ತಂದರು. ಹದಿನೈದು ವರ್ಷಗಳ ನಂತರವೂ ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸುಸ್ಥಿತಿಯಲ್ಲಿದ್ದವು. ಇಂದಿನ ಬಹುತೇಕ ಕೃತಕ ಮಂಡಿಗಳು ಅದರ ವಂಶದವು. ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರ ಎರಡೂ ಮಂಡಿಗಳಿಗೆ 2000 ಮತ್ತು 2001ರಲ್ಲಿ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು ಈ ರಾಣಾವತ್ ಅವರೇ.

ಸ್ವೀಡನ್ನಿನ ಖಾತೆಪುಸ್ತಕ

ಒಬ್ಬ ವೈದ್ಯನ ಪ್ರಾಮಾಣಿಕತೆ ಶ್ರೇಷ್ಠವಾದುದಾದರೂ ಸಾಕಾಗುವುದಿಲ್ಲ. 1970ರ ದಶಕದಲ್ಲಿ ಮಂಡಿಯ ಮಾದರಿಗಳು ಹತ್ತಾರು ಬಂದವು. ಒಬ್ಬೊಬ್ಬ ವೈದ್ಯನೂ ವರ್ಷಕ್ಕೆ ಕೆಲವೇ ಶಸ್ತ್ರಚಿಕಿತ್ಸೆಗಳನ್ನು ಮಾಡುತ್ತಿದ್ದ. ಕೆಟ್ಟ ಕೀಲು ಐದು ಹತ್ತು ವರ್ಷಗಳ ಅನಂತರ ಮತ್ತಾವುದೋ ಊರಿನ ಆಸ್ಪತ್ರೆಯಲ್ಲಿ ಪ್ರಕಟವಾಗುತ್ತಿತ್ತು. ಹಾಕಿದವನಿಗೆ ತನ್ನ ದೋಷದ ಅರಿವೇ ಆಗುತ್ತಿರಲಿಲ್ಲ. ಜಮೆ ಒಂದು ಅಂಗಡಿಯಲ್ಲಿ, ಖರ್ಚು ಇನ್ನೊಂದು ಅಂಗಡಿಯಲ್ಲಿ ಬರೆಯಲ್ಪಟ್ಟರೆ ಲಾಭನಷ್ಟದ ನಿಜಸ್ಥಿತಿ ಯಾರಿಗೂ ತಿಳಿಯಲಾರದು.

ಇದನ್ನು ಮನಗಂಡ ಸ್ವೀಡನ್ನಿನ ಮೂಳೆವೈದ್ಯರು 1975ರಲ್ಲಿ ಇಡೀ ದೇಶಕ್ಕೆ ಮಂಡಿ ಬದಲಾವಣೆಯ ಒಂದೇ ನೋಂದಣಿ ಪುಸ್ತಕವನ್ನು ತೆರೆದರು. ಕೃತಕ ಕೀಲುಗಳ ರಾಷ್ಟ್ರೀಯ ನೋಂದಣಿಗಳಲ್ಲಿ ಇದೇ ಪ್ರಥಮ. ಆ ದೇಶದಲ್ಲಿ 1947ರಿಂದಲೇ ಪ್ರತಿಯೊಬ್ಬ ಪ್ರಜೆಗೂ ಒಂದು ಗುರುತಿನ ಸಂಖ್ಯೆ ಇದ್ದುದರಿಂದ, ಕೀಲನ್ನು ಎಲ್ಲಿ ಹಾಕಿದರೂ, ಎಲ್ಲಿ ತೆಗೆದರೂ ಎರಡೂ ಒಂದೇ ಖಾತೆಗೆ ಬಂದು ಸೇರುತ್ತಿದ್ದವು. ಯಾವ ಮಾದರಿ ಬೇಗ ಸೋಲುತ್ತದೆಂಬುದು ವೈದ್ಯರಿಗೆ ಅಂಕಿಗಳಲ್ಲಿ ಕಾಣತೊಡಗಿತು. ಕೆಟ್ಟವುಗಳ ಬಳಕೆ ನಿಂತಿತು; ಮುಂದಿನ ದಶಕಗಳಲ್ಲಿ ಮರುಶಸ್ತ್ರಚಿಕಿತ್ಸೆಯ ಪ್ರಮಾಣ ಇಳಿಯುತ್ತ ಬಂದಿತು. ಫಿನ್‌ಲೆಂಡ್, ನಾರ್ವೆ ದೇಶಗಳು ಇದೇ ಮಾರ್ಗವನ್ನು ಹಿಡಿದವು. ಆಸ್ಟ್ರೇಲಿಯದ ನೋಂದಣಿ 1999ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನದು 2003ರಲ್ಲಿ ಆರಂಭವಾದವು.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಸುಳ್ಳು ಲೆಕ್ಕವನ್ನು ಬರೆಯುವುದು ಅದರ ನೇರ ಅರ್ಥ. ಬರೆಯಬೇಕಾದ ನಷ್ಟವನ್ನು ಬರೆಯದೆ ಬಿಡುವುದೂ ಅದರ ಸಮೀಪದ ದೋಷವೆಂಬುದನ್ನು ವ್ಯಾಪಾರ ಬಲ್ಲವರು ಒಪ್ಪುತ್ತಾರೆ. ಸ್ವೀಡನ್ನಿನ ಪುಸ್ತಕವು ಈ ಎರಡನೆಯ ಬಗೆಯ ದೋಷವನ್ನು ನಿವಾರಿಸಿತು.

ಎರಡನೆಯ ಶಸ್ತ್ರಚಿಕಿತ್ಸೆಯ ಫಲ

ಈ ಪುಸ್ತಕಗಳು ಹೇಳುವುದೇನು? ಮೊದಲ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಅವು ಸಮಾಧಾನಕರ ವಾರ್ತೆಯನ್ನೇ ಕೊಡುತ್ತವೆ. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ, ನೋಂದಣಿಗಳನ್ನು ಆಧರಿಸಿದ ಅಧ್ಯಯನದಂತೆ, ಪೂರ್ಣ ಮಂಡಿಯ ಕೀಲುಗಳಲ್ಲಿ ಸುಮಾರು ಶೇ. 82ರಷ್ಟು 25 ವರ್ಷ ಬಾಳುತ್ತವೆ. 2017ರ ಇನ್ನೊಂದು ಬ್ರಿಟಿಷ್ ಅಧ್ಯಯನದಂತೆ 70 ವರ್ಷ ದಾಟಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಜೀವಮಾನದಲ್ಲಿ ಮರುಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಶೇ. 5ರಷ್ಟು ಮಾತ್ರ. ಐವತ್ತರ ಆರಂಭದಲ್ಲಿಯೇ ಮಾಡಿಸಿಕೊಂಡ ಪುರುಷರಲ್ಲಾದರೋ ಅದು ಶೇ. 35ಕ್ಕೆ ಏರುತ್ತದೆ. ವಯಸ್ಸು ಕಡಿಮೆಯಿದ್ದಷ್ಟೂ ಕೀಲಿನ ಮೇಲೆ ಬೀಳುವ ಭಾರವೂ ವರ್ಷಗಳೂ ಹೆಚ್ಚು.

ಎರಡನೆಯದರ ಲೆಕ್ಕ ಬೇರೆ. ಇಂಗ್ಲೆಂಡಿನ ನೋಂದಣಿಯಲ್ಲಿದ್ದ 33,000ಕ್ಕೂ ಹೆಚ್ಚು ಮರುಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕಟುವಾದ ಸತ್ಯವನ್ನು ತೋರಿಸಿತು. ಮೊದಲ ಬಾರಿ ಬದಲಾಯಿಸಿದ ಕೀಲುಗಳಲ್ಲಿ ಐದರಲ್ಲಿ ಒಂದರಷ್ಟು 13 ವರ್ಷಗಳೊಳಗೆ ಮತ್ತೆ ಕೈಕೊಟ್ಟಿದ್ದವು. ಎರಡನೆಯ ಬಾರಿ ಬದಲಾಯಿಸಿದವುಗಳಲ್ಲಿ ಅದೇ ಐದನೆಯ ಒಂದು ಪಾಲು 5 ವರ್ಷಗಳೊಳಗೆ, ಮೂರನೆಯ ಬಾರಿಯವುಗಳಲ್ಲಿ 3 ವರ್ಷಗಳೊಳಗೆ ಮತ್ತೆ ಶಸ್ತ್ರಕ್ಕೆ ಗುರಿಯಾಗಿದ್ದವು. ಚಕ್ರಬಡ್ಡಿಯ ಸಾಲದಲ್ಲಿ ಪ್ರತಿ ನವೀಕರಣಕ್ಕೂ ವಾಯಿದೆ ಕುಗ್ಗುತ್ತ ಹೋಗುವಂತೆ ಇಲ್ಲಿಯೂ ಕಾಲಾವಧಿ ಕುಗ್ಗುತ್ತ ಹೋಗುತ್ತದೆ.

ಇದಕ್ಕೆ ಕಾರಣಗಳು ಸ್ಪಷ್ಟ. ಹಳೆಯ ಕೀಲನ್ನು ತೆಗೆಯುವಾಗ ಅದಕ್ಕೆ ಅಂಟಿದ ಮೂಳೆಯಲ್ಲಿ ಒಂದಿಷ್ಟು ನಷ್ಟವಾಗುತ್ತದೆ. ಸವೆತದ ಪುಡಿಯಿಂದ ಮೊದಲೇ ಒಂದಿಷ್ಟು ಕರಗಿರುತ್ತದೆ. ಇಕ್ಕೆಲದ ಬಂಧಗಳು ದುರ್ಬಲವಾಗಿರುತ್ತವೆ. ಆದ್ದರಿಂದ ಹೊಸ ಕೀಲಿಗೆ ಮೂಳೆಯ ನಾಳದೊಳಗೆ ಇಳಿಯುವ ಉದ್ದನೆಯ ಕಂಬಿ, ಕೊರತೆ ತುಂಬುವ ಲೋಹದ ತುಂಡುಗಳು, ಕೆಲವೊಮ್ಮೆ ಮತ್ತೆ ತಿರುಗಣಿಯ ಮಾದರಿಯೇ ಬೇಕಾಗುತ್ತದೆ. ಸೋಂಕಿನಿಂದ ಕೆಟ್ಟ ಮಂಡಿಯ ಸ್ಥಿತಿ ಇನ್ನೂ ಕಠಿಣ. 1983ರಲ್ಲಿ ಇನ್ಸಾಲ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಂತೆ ಕೀಲನ್ನು ತೆಗೆದು, ವಾರಗಟ್ಟಲೆ ಪ್ರತಿಜೀವಕ ಔಷಧ ಕೊಟ್ಟು, ಸೋಂಕು ಶಮನವಾದ ಮೇಲೆ ಹೊಸದನ್ನು ಹಾಕುವ ಎರಡು ಹಂತದ ಚಿಕಿತ್ಸೆ ಜಗತ್ತಿನಲ್ಲೆಲ್ಲ ಬಳಕೆಗೆ ಬಂತು. ಒಂದೇ ಹಂತದಲ್ಲಿ ಮುಗಿಸುವ ಪದ್ಧತಿಯೂ ಜರ್ಮನಿಯ ಹ್ಯಾಂಬರ್ಗ್‌ನಿಂದ ಬಂದಿದೆ. ಯಾವುದೂ ಸಫಲವಾಗದಿದ್ದಾಗ ಮಂಡಿಯನ್ನು ಬಾಗದಂತೆ ಬೆಸೆಯುವುದು ಅಥವಾ ಅಪರೂಪಕ್ಕೆ ಕಾಲನ್ನೇ ತೆಗೆಯುವುದು ಅನಿವಾರ್ಯವಾಗುತ್ತದೆ.

ಇಷ್ಟರಿಂದ ಮರುಶಸ್ತ್ರಚಿಕಿತ್ಸೆ ನಿರರ್ಥಕವೆಂದು ತಿಳಿಯಬಾರದು. ಕೀಲು ಸಡಿಲವಾದುದು ಅಥವಾ ಸವೆದುದು ಖಚಿತವಾಗಿದ್ದಾಗ ಅದರಿಂದ ಬಹುಮಂದಿಗೆ ನೋವು ಶಮನವಾಗಿ ನಡಿಗೆ ಮರಳಿದೆ. ಆದರೆ ನೋವಿನ ಕಾರಣವೇ ತಿಳಿಯದೆ ಕೀಲನ್ನು ಬದಲಾಯಿಸಿದಲ್ಲಿ ಫಲ ಬಹುತೇಕ ನಿರಾಶಾದಾಯಕ. ಕಾರಣವನ್ನು ನಿಶ್ಚಯಿಸಿದ ಮೇಲೆಯೇ ಶಸ್ತ್ರ ಎಂಬುದು ಈ ಕ್ಷೇತ್ರದ ತಜ್ಞರ ಸಾಮಾನ್ಯ ಅಭಿಮತ.

ಅನೇಕಾಂತ ದೃಷ್ಟಿಯಿಂದ ಇನ್ನೊಂದು ಮಾತನ್ನೂ ಇಲ್ಲಿ ಪರಿಗಣಿಸಬೇಕು. ಕೀಲು ಬಾಳಿತೆಂದ ಮಾತ್ರಕ್ಕೆ ರೋಗಿ ಸುಖಿಯಾದನೆಂದು ಅರ್ಥವಲ್ಲ. ಮೊದಲ ಶಸ್ತ್ರಚಿಕಿತ್ಸೆಯ ಅನಂತರವೂ ಐವರಲ್ಲಿ ಒಬ್ಬರವರೆಗೆ ಪೂರ್ಣ ತೃಪ್ತಿಯಿರುವುದಿಲ್ಲವೆಂದು ಅಧ್ಯಯನಗಳು ಹೇಳುತ್ತವೆ. ನೋವಿದ್ದರೂ ವೃದ್ಧಾಪ್ಯದಿಂದ ಅಥವಾ ಹಣದ ಅಭಾವದಿಂದ ಮತ್ತೆ ಶಸ್ತ್ರಚಿಕಿತ್ಸೆಗೆ ಬಾರದವರ ಕೀಲು ಪುಸ್ತಕದಲ್ಲಿ ಬಾಳಿದ ಕೀಲೆಂದೇ ಉಳಿಯುತ್ತದೆ. ವಸೂಲಿಗೆ ಹೋಗದ ಬಾಕಿಯನ್ನು ಸಂದಾಯವಾದ ಬಾಕಿಯೆಂದು ಯಾವ ವ್ಯಾಪಾರಿಯೂ ಎಣಿಸುವುದಿಲ್ಲ.

ಮರೆತ ಪಾಠ

ದೋಷವನ್ನು ಬರೆದಿಟ್ಟರೂ ಮರೆತರೆ ಅದು ಮರುಕಳಿಸುತ್ತದೆ. ಪಾಲಿಎಥಿಲೀನ್ ಫಲಕಗಳನ್ನು ಗಾಳಿ ಇರುವ ಪೊಟ್ಟಣದಲ್ಲಿಟ್ಟು ಗಾಮಾ ಕಿರಣಗಳಿಂದ ಶುದ್ಧೀಕರಿಸಿದರೆ, ಆಮ್ಲಜನಕ ಸೇರಿ ಫಲಕ ಕಾಲಕ್ರಮದಲ್ಲಿ ಪೆಡಸಾಗಿ ಬಿರಿಯುತ್ತದೆಂಬುದು 1990ರ ದಶಕದಲ್ಲಿಯೇ ಮನವರಿಕೆಯಾಗಿತ್ತು. ಕಪಾಟಿನಲ್ಲಿ ಹೆಚ್ಚು ಕಾಲ ಉಳಿದ ಫಲಕ ಹೆಚ್ಚು ಕೆಡುತ್ತಿತ್ತು. ಆದಕಾರಣ ಆಮ್ಲಜನಕ ನುಸುಳದ ಪೊಟ್ಟಣಗಳು ಬಂದವು. ಹೀಗಿದ್ದೂ ಅಮೆರಿಕದ ಎಕ್ಸಾಕ್‌ಟೆಕ್ ಎಂಬ ಸಂಸ್ಥೆಯ ಪೊಟ್ಟಣಗಳಲ್ಲಿ ಆಮ್ಲಜನಕವನ್ನು ತಡೆಯುವ ಒಂದು ಪದರವೇ ಇರಲಿಲ್ಲವೆಂಬುದು 2021ರಲ್ಲಿ ಹೊರಬಂತು. 2004ರಿಂದ ಅಂತಹ ಪೊಟ್ಟಣಗಳಲ್ಲಿದ್ದ ಸುಮಾರು 1,47,000 ಮಂಡಿ ಮತ್ತು ಪಾದದ ಗಂಟಿನ ಫಲಕಗಳು ಆ ದೇಶದಲ್ಲಿ ರೋಗಿಗಳ ದೇಹವನ್ನು ಸೇರಿದ್ದವು. 2022ರಲ್ಲಿ ಹಿಂಪಡೆಯುವಿಕೆ ವಿಸ್ತರಿಸಲ್ಪಟ್ಟಿತು. ಒಂದು ತೆಳುವಾದ ಪದರದ ಅಭಾವದಿಂದ ಅನೇಕರು ಎರಡನೆಯ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು.

ಭಾರತದ ಅನುಭವವೂ ಇದೆ. ಡಿಪ್ಯೂ ಸಂಸ್ಥೆಯ 'ಎ.ಎಸ್.ಆರ್.' ಎಂಬ ಸೊಂಟದ ಕೀಲಿನ ದೋಷವನ್ನು ಗುರುತಿಸುವಲ್ಲಿ ಆಸ್ಟ್ರೇಲಿಯದ ನೋಂದಣಿ ಮುಂದಾಗಿತ್ತು. 2010ರಲ್ಲಿ ಆ ಕೀಲನ್ನು ಜಗತ್ತಿನಾದ್ಯಂತ ಹಿಂಪಡೆಯಲಾಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಬಳಸಲಾಗಿತ್ತು. ಆದರೆ ಪರಿಹಾರ ಕೊಡಲು ಹುಡುಕಿದಾಗ ಅವರಲ್ಲಿ ಬಹುಪಾಲು ಜನರ ಸುಳಿವೇ ಸಿಗಲಿಲ್ಲ. ಹೆಸರು, ವಿಳಾಸ, ಕೀಲಿನ ಸಂಖ್ಯೆ ಒಂದೆಡೆ ಬರೆದಿಟ್ಟಿದ್ದರೆ ಈ ಸ್ಥಿತಿ ಬರುತ್ತಿರಲಿಲ್ಲ. ಮೂಳೆವೈದ್ಯರ ಸಂಘದವರು ಭಾರತದಲ್ಲಿಯೂ ನೋಂದಣಿಯನ್ನು ನಡೆಸುತ್ತಿದ್ದಾರೆ. ಅದು ಸ್ವಯಂಪ್ರೇರಿತವಾದುದರಿಂದ ಎಲ್ಲ ಶಸ್ತ್ರಚಿಕಿತ್ಸೆಗಳೂ ಅದರಲ್ಲಿ ಸೇರುವುದಿಲ್ಲ.

ಬೆಲೆಯ ವಿಷಯದಲ್ಲಿ ಸರ್ಕಾರ ಒಂದು ಹೆಜ್ಜೆ ಇಟ್ಟಿತು. 2017ರ ಆಗಸ್ಟ್ ತಿಂಗಳಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಮಂಡಿಯ ಕೀಲುಗಳಿಗೆ ಗರಿಷ್ಠ ಬೆಲೆಯನ್ನು ವಿಧಿಸಿತು. ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಅಂದು ನಿಗದಿಯಾದ ಬೆಲೆ 54,720 ರೂಪಾಯಿ. ಮರುಶಸ್ತ್ರಚಿಕಿತ್ಸೆಯ ಕೀಲಿನ ಸರಾಸರಿ ಬೆಲೆ ಅದಕ್ಕೆ ಮೊದಲು 2,76,869 ರೂಪಾಯಿ ಇದ್ದುದು 1,13,950 ರೂಪಾಯಿಗೆ ಇಳಿಯಿತು. ಆಮದುಗಾರರು, ವಿತರಕರು, ಆಸ್ಪತ್ರೆಗಳು ಸೇರಿ ಪಡೆಯುತ್ತಿದ್ದ ಲಾಭವು ಶೇ. 300ನ್ನು ಮೀರಿತ್ತೆಂದು ಪ್ರಾಧಿಕಾರವೇ ಲೆಕ್ಕ ಹಾಕಿತ್ತು. ನ್ಯಾಯೋಪಾರ್ಜಿತ ಧನವನ್ನು ಶ್ರಾವಕನ ಗುಣಗಳಲ್ಲಿ ಮೊದಲಾಗಿ ಎಣಿಸುವ ಸಮಾಜವು ಈ ಅಂಕಿಯ ಮುಂದೆ ಕ್ಷಣಕಾಲ ನಿಂತು ಯೋಚಿಸಬೇಕಾಗಿದೆ.

ಔಷಧದಾನ ಮತ್ತು ಅದರ ಲೆಕ್ಕ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಔಷಧದಾನವನ್ನು ಜೈನ ಸಂಸ್ಥೆಗಳು ಪರಂಪರೆಯಿಂದ ನಡೆಸಿಕೊಂಡು ಬಂದಿವೆ. ಮಂಡಿಯ ಉಚಿತ ಅಥವಾ ರಿಯಾಯಿತಿ ಶಸ್ತ್ರಚಿಕಿತ್ಸಾ ಶಿಬಿರಗಳಿಗೆ ಉದಾರವಾಗಿ ಧನಸಹಾಯ ಮಾಡುವ ಬಸದಿಗಳ, ದೇವಾಲಯಗಳ ನ್ಯಾಸಗಳೂ ಇವೆ. ಇದು ಶ್ಲಾಘನೀಯ. ಆದರೆ ಉದ್ಘಾಟನೆಯ ದಿನ ದಾನಿಗಳ ಹೆಸರು, ರೋಗಿಗಳ ಸಂಖ್ಯೆ ಬರೆಯುವ ಪುಸ್ತಕದಲ್ಲಿ ಐದು ವರ್ಷಗಳ ಅನಂತರ ಆ ರೋಗಿ ಹೇಗಿದ್ದಾನೆಂಬುದಕ್ಕೆ ಒಂದು ಅಂಕಣವಿರುವುದೆ? ಮೇಲಿನ ಇತಿಹಾಸವನ್ನು ಬಲ್ಲವರಿಗೆ ಈ ಪ್ರಶ್ನೆ ಅನಿವಾರ್ಯ. ಕೀಲಿನ ದೋಷವು ಮೊದಲ ವರ್ಷದಲ್ಲಿ ಕಾಣುವುದು ಕಡಿಮೆ. ಟೆಫ್ಲಾನಿನ ಕೀಲೂ ಮೊದಲ ವರ್ಷ ಅದ್ಭುತವೆಂದೇ ತೋರಿತ್ತು.

ಆದಕಾರಣ ಶಿಬಿರಕ್ಕೆ ಹಣ ಕೊಡುವ ನ್ಯಾಸವು ಕೆಲವು ಸರಳ ನಿಯಮಗಳನ್ನು ಪಾಲಿಸಬಹುದು. ಪ್ರತಿ ರೋಗಿಯ ಹೆಸರಿನ ಮುಂದೆ ಕೀಲಿನ ಮಾದರಿ ಮತ್ತು ತಯಾರಿಕೆಯ ತಂಡದ ಸಂಖ್ಯೆ ಬರೆಯತಕ್ಕದ್ದು. ಇದು ಪೊಟ್ಟಣದ ಮೇಲಿನ ಚೀಟಿಯಲ್ಲಿ ಇರುತ್ತದೆ. ವರ್ಷಕ್ಕೊಮ್ಮೆ ರೋಗಿಯ ಯೋಗಕ್ಷೇಮವನ್ನು ವಿಚಾರಿಸಿ ದಾಖಲಿಸತಕ್ಕದ್ದು. ಎಷ್ಟು ಮಂದಿಗೆ ಸೋಂಕಾಯಿತು, ಎಷ್ಟು ಮಂದಿಗೆ ಮರುಶಸ್ತ್ರಚಿಕಿತ್ಸೆ ಬೇಕಾಯಿತು ಎಂಬುದನ್ನು ವಾರ್ಷಿಕ ವರದಿಯಲ್ಲಿ ಅಢಾವೆ ಪತ್ರಿಕೆಯ ಜೊತೆಗೇ ಪ್ರಕಟಿಸತಕ್ಕದ್ದು. ಮೊದಲ ಶಸ್ತ್ರಚಿಕಿತ್ಸೆಗೆ ಕೊಟ್ಟ ದಾನದ ಒಂದಂಶವನ್ನು ಮುಂದೆ ಕೀಲು ಕೆಟ್ಟವರಿಗಾಗಿ ಮೀಸಲಿಡತಕ್ಕದ್ದು. ಬಡವನೊಬ್ಬನಿಗೆ ಮೊದಲ ಕೀಲನ್ನು ಉಚಿತವಾಗಿ ಕೊಟ್ಟು, ಅದು ಕೆಟ್ಟಾಗ ಕೈಬಿಟ್ಟರೆ ಆ ದಾನ ಅಪೂರ್ಣ.

ಕುಟುಂಬಗಳಿಗೂ ಕರ್ತವ್ಯಗಳಿವೆ. ಶಸ್ತ್ರಚಿಕಿತ್ಸೆಯ ಕಾಗದಗಳನ್ನೂ ಕೀಲಿನ ಚೀಟಿಯನ್ನೂ ಮನೆಯ ಪತ್ರಗಳ ಜೊತೆ ಭದ್ರವಾಗಿಡಬೇಕು. ಬದಲಾಯಿಸಿದ ಮಂಡಿ ಊದಿಕೊಂಡು ಬಿಸಿಯಾದರೆ ತಾವೇ ಪ್ರತಿಜೀವಕ ಮಾತ್ರೆ ಕೊಂಡು ನುಂಗದೆ ಶಸ್ತ್ರವೈದ್ಯರಲ್ಲಿಗೆ ಹೋಗಬೇಕು. ಕೀಲಿನ ದ್ರವವನ್ನು ಪರೀಕ್ಷೆಗೆ ತೆಗೆಯುವ ಮೊದಲೇ ಮಾತ್ರೆ ನುಂಗಿದರೆ ಸೋಂಕಿನ ಮೂಲ ಮರೆಯಾಗುವ ಅಪಾಯವಿದೆ. ಮರುಶಸ್ತ್ರಚಿಕಿತ್ಸೆ ಅಗತ್ಯವಾದಲ್ಲಿ ಅಂತಹ ಶಸ್ತ್ರಚಿಕಿತ್ಸೆಗಳನ್ನು ಹೆಚ್ಚಾಗಿ ಮಾಡುವ ಕೇಂದ್ರವನ್ನು ಆರಿಸಬೇಕು. ಬ್ರಿಟನ್ನಿನಲ್ಲಿ ಈಚೆಗೆ ಇದಕ್ಕೆಂದೇ ಆಸ್ಪತ್ರೆಗಳ ಜಾಲಗಳನ್ನು ಏರ್ಪಡಿಸಲಾಗಿದೆ. ನೆಲದ ಮೇಲೆ ಕುಳಿತುಕೊಳ್ಳಲಾಗದ ಹಿರಿಯರು ಅದಕ್ಕಾಗಿ ಕುಗ್ಗಬೇಕಾಗಿಲ್ಲ. ಬಾಹುಬಲಿ ಸ್ವಾಮಿಯು ನಿಂತಿರುವುದು ಕಾಯೋತ್ಸರ್ಗದಲ್ಲಿ. ನಿಂತು ಮಾಡುವ ಧ್ಯಾನವೂ ಶಾಸ್ತ್ರಸಮ್ಮತವೇ.

ಗ್ಲುಕ್ ಅವರ ದಂತದ ತಿರುಗಣಿಯಿಂದ ಇಂದಿನವರೆಗೆ ಸುಮಾರು 135 ವರ್ಷಗಳಾದವು. ಈ ಅವಧಿಯಲ್ಲಿ ಲೋಹಗಳು, ಯಂತ್ರಗಳು, ಔಷಧಗಳು ಸುಧಾರಿಸಿದವು. ಆದರೂ ಎಲ್ಲ ಸುಧಾರಣೆಗಳಿಗೂ ದಾರಿ ತೆರೆದುದು ಚಾರ್ನ್‌ಲಿಯಂತಹವರು ತಮ್ಮ ವೈಫಲ್ಯವನ್ನು ಪ್ರಕಟಿಸಿದ ಧೈರ್ಯ, ಸ್ವೀಡನ್ನಿನ ವೈದ್ಯರು ಅದನ್ನು ಸಾಲುಸಾಲಾಗಿ ಬರೆದಿಟ್ಟ ತಾಳ್ಮೆ. ಪ್ರತಿಕ್ರಮಣವನ್ನು ನಿತ್ಯಕರ್ಮವೆಂದು ಸ್ವೀಕರಿಸಿದ ಸಮಾಜಕ್ಕೆ ಇದು ಹೊಸ ವಿಷಯವಲ್ಲ. ಆ ಅಭ್ಯಾಸವನ್ನು ತನ್ನ ಧರ್ಮಾದಾಯದ ಲೆಕ್ಕಗಳಿಗೂ ವಿಸ್ತರಿಸಿದಲ್ಲಿ, ನೋಯುವ ಮಂಡಿಯೊಡನೆ ಬಸದಿಯ ಮೆಟ್ಟಿಲ ಬಳಿ ನಿಂತಿರುವ ವೃದ್ಧರಿಗೆ ಆ ಔಷಧದಾನದ ಫಲ ಪೂರ್ಣವಾಗಿ ದೊರೆಯುವುದು.